ಎಡಗಡೆಯಿಂದ ಬಂದ ಸದ್ದು

ಮಾಸ್ತರ ಕಾರಿನಲ್ಲಿ ಟಿಕ್ ಎಂಬ ಸದ್ದು ಶುರುವಾದದ್ದು ಅವರು ಡ್ರೈವಿಂಗ್ ಸ್ಕೂಲಿಗೆ ಬೀಗ ಹಾಕಿದ ಮೇಲೆ. ಸ್ಕೂಲು ನಡೆಯುತ್ತಿದ್ದ ಕಾಲದಲ್ಲಾಗಿದ್ದರೆ ಅದು ಅವರ ಕಿವಿಗೇ ಬೀಳುತ್ತಿರಲಿಲ್ಲ. ಆಗ ಆ ಗಾಡಿಯೊಳಗೆ ಸದ್ದಿಗೇನು ಬರ? ಗೇರು ಬೀಳದೆ ಕರಕರ ಎನ್ನುವುದು, ಸ್ಟಿಯರಿಂಗ್ ಹಿಡಿದವರು ಅಯ್ಯಯ್ಯೋ ಎನ್ನುವುದು, ಹಿಂದಿನ ಲಾರಿಯವನ ಹಾರ್ನು, ಎಲ್ಲಕ್ಕೂ ಮೇಲೆ ಮಾಸ್ತರ ಗಂಟಲು. ಈಗ ಕಾರಿನಲ್ಲಿ ಕೂರುವವರು ಗಂಡ ಹೆಂಡತಿ ಇಬ್ಬರೇ. ಒಂದು ಟಿಕ್ ಕೂಡ ಎದ್ದು ಕೇಳುತ್ತದೆ.

ಸದ್ದೇನೂ ದೊಡ್ಡದಲ್ಲ. ಪೆನ್ನಿನ ತಲೆ ಒತ್ತಿದಷ್ಟು. ಒಮ್ಮೆ ಬಂದರೆ ಮತ್ತೆ ಅರ್ಧ ದಾರಿ ಬಾಯಿ ಬಿಡುತ್ತಿರಲಿಲ್ಲ. ಆದರೆ ಬಂದಾಗಲೆಲ್ಲ ಗಾಡಿಯ ಎಳೆತವೂ ಒಂದಿಷ್ಟು ಸತ್ತಂತಾಗುತ್ತಿತ್ತು. ಇಂಜಿನ್ನು ಮಂಕಾಗಿದೆ, ಅದಕ್ಕೂ ಇದಕ್ಕೂ ಏನೋ ನಂಟಿದೆ ಎಂದು ಮಾಸ್ತರು ತೀರ್ಮಾನಿಸಿದರು. ತೀರ್ಮಾನ ಮಾಡುವುದರಲ್ಲಿ ಅವರು ಯಾವತ್ತೂ ತಡ ಮಾಡಿದವರಲ್ಲ.

ಆ ಊರಿನಲ್ಲಿ ಕಾರು ಓಡಿಸುವ ಅರ್ಧ ಜನಕ್ಕೆ ಕಲಿಸಿದವರು ಅವರು. ಕಾರು ಹಳೆಯದು, ಕಲಿಸುವುದಕ್ಕೆಂದೇ ಮಾಡಿಸಿದ್ದು. ಬಲಗಡೆ ಓಡಿಸುವವರ ಪೆಡಲುಗಳು, ಎಡಗಡೆ ಕಲಿಸುವವರ ಕಾಲಿಗೊಂದು ಹೆಚ್ಚಿನ ಬ್ರೇಕು. ಎಡಗಡೆಯದನ್ನು ಒತ್ತಿದರೆ ತಂತಿಯೊಂದು ಬಲಗಡೆಯ ಬ್ರೇಕನ್ನೂ ಎಳೆದುಕೊಂಡು ಗಾಡಿ ನಿಲ್ಲಿಸುತ್ತದೆ. ಆ ಎಡಗಡೆಯ ಬ್ರೇಕಿನ ಮೇಲೆ ಮಾಸ್ತರ ಕಾಲು ಕೂತಿರುತ್ತಿದ್ದ ಬಗೆಯೇ ಅವರ ಹೆಗ್ಗಳಿಕೆ. ಬೇರೆ ಸ್ಕೂಲಿನವರು ಧಡ್ಡೆಂದು ಒತ್ತಿ, "ಕಣ್ಣು ಎಲ್ಲಿಟ್ಟಿದೀಯಾ" ಎಂದು ಉಗಿಯುತ್ತಿದ್ದರು. ಮಾಸ್ತರು ಹಾಗಲ್ಲ. ಬಾಯಲ್ಲಿ ಎಷ್ಟೇ ಗದರಿದರೂ ಕಾಲು ಮಾತ್ರ ಬೆಣ್ಣೆಯ ಮೇಲೆ ಇಟ್ಟಂತೆ. ಒಂದು ಕೂದಲಷ್ಟು ಮೊದಲು, ಮೆಲ್ಲಗೆ. ಅಷ್ಟರಲ್ಲಿ ಕಲಿಯುವವರೂ ಗಾಬರಿಯಲ್ಲಿ ತಮ್ಮ ಬ್ರೇಕು ತುಳಿದಿರುತ್ತಿದ್ದರು. ಗಾಡಿ ನಿಂತರೆ, ನಿಲ್ಲಿಸಿದ್ದು ತಾವೇ ಎಂದುಕೊಂಡು ಎದೆಯುಬ್ಬಿಸಿಕೊಂಡು ಮನೆಗೆ ಹೋಗುತ್ತಿದ್ದರು.

"ಅವರಿಗೆ ಗೊತ್ತಾಗಬಾರದು. ಗೊತ್ತಾದ ದಿನ ಕೈ ನಡುಗೋಕೆ ಶುರುವಾಗುತ್ತೆ. ಆಮೇಲೆ ಜನ್ಮದಲ್ಲಿ ಗಾಡಿ ಓಡಿಸಲ್ಲ," ಎಂದು ಅವರು ಹೆಂಡತಿಗೆ ಹೇಳಿಕೊಟ್ಟಿದ್ದರು. ಹೆಂಗಸರಿಗೆ ಕಲಿಸುತ್ತಿದ್ದವರು ಆಕೆಯೇ. ಆಕೆಯ ಕಾಲೂ ಅಷ್ಟೇ ಮೆತ್ತಗೆ ಎಂದು ಮಾಸ್ತರು ಒಪ್ಪಿದ್ದರು, ಎದುರಿಗೆ ಮಾತ್ರ ಹೇಳಿರಲಿಲ್ಲ.

ವರ್ಷದ ಶುರುವಿನಲ್ಲಿ ಒಂದು ಬೆಳಿಗ್ಗೆ ಮಾಸ್ತರು ತಲೆ ಸುತ್ತಿ ಬಚ್ಚಲ ಬಾಗಿಲಲ್ಲಿ ಕುಸಿದರು. ಆಸ್ಪತ್ರೆಯವರು ಮಲಗಿಸಿಕೊಂಡು, ತಲೆಯ ಫೋಟೋ ತೆಗೆದು, ಮಿದುಳಿಗೆ ಸಣ್ಣದೊಂದು ಪೆಟ್ಟಾಗಿದೆ, ಕೈಕಾಲು ಚೆನ್ನಾಗಿದೆಯಲ್ಲ, ಪುಣ್ಯ ಎಂದರು. ಕಣ್ಣಿನ ಡಾಕ್ಟರಿಗೂ ಒಮ್ಮೆ ತೋರಿಸಿ ಎಂದದ್ದನ್ನು ಹೆಂಡತಿ ಕೇಳಿಸಿಕೊಂಡರು, ಮಾಸ್ತರು ಕೇಳಿಸಿಕೊಳ್ಳಲಿಲ್ಲ. ಮನೆಗೆ ಬಂದ ಮೇಲೆ ಮಗಳೂ ಹೆಂಡತಿಯೂ ಸೇರಿ ಸ್ಕೂಲು ಮುಚ್ಚಿಸಿದರು. ಅಷ್ಟಕ್ಕೆ ಅವರು ಒಪ್ಪಿದರು. ಆದರೆ ಕಾರಿನ ಕೀ ಕೊಡಿ ಎಂದಾಗ ಅದನ್ನು ಜೇಬಿಗೆ ಹಾಕಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡರು.

"ಕಲಿಸೋದು ಬಿಟ್ಟಿದೀನಿ, ಓಡಿಸೋದಲ್ಲ. ಇನ್ನೇನು, ಮೂಲೇಲಿ ಕೂರಿಸಿ ಧೂಳು ಹೊಡೀತೀರಾ?"

ಅಂದಿನಿಂದ ಹೆಂಡತಿಗೆ ಸುತ್ತಾಟದ ಹುಚ್ಚು ಹಿಡಿಯಿತು ಎಂದು ಮಾಸ್ತರ ನಂಬಿಕೆ. ಅವರು ಪೆಟ್ರೋಲು ಹಾಕಿಸಲು ಹೊರಟರೂ ಆಕೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಸಿದ್ಧ. ತನಗೂ ಗಾಳಿ ಬೇಕು, ತನಗೂ ತರಕಾರಿ ಬೇಕು, ತಂಗಿಯನ್ನು ನೋಡಬೇಕು. ಪಕ್ಕದ ಸೀಟಿನಲ್ಲಿ ಕೂತು ಒಂದು ಮಾತೂ ಆಡದೆ ರಸ್ತೆ ನೋಡುತ್ತಿದ್ದರು. ಇಷ್ಟು ವರ್ಷ ಸಂಸಾರ ಮಾಡಿ, ಕೂದಲು ನರೆತ ಮೇಲೆ ಹೆಂಡತಿ ತನ್ನ ಪಕ್ಕ ಬಿಟ್ಟು ಅಲುಗುತ್ತಿಲ್ಲವಲ್ಲ ಎಂದು ಮಾಸ್ತರಿಗೆ ಒಳಗೊಳಗೇ ಹಿಗ್ಗು. ಹಿಗ್ಗನ್ನು ತೋರಿಸಿಕೊಳ್ಳದೆ, "ಏನೇ, ಹೊಸದಾಗಿ ಮದುವೆಯಾದವರ ಹಾಗೆ ಹಿಂದೆ ಹಿಂದೆ ಬರ್ತೀಯಲ್ಲ," ಎಂದು ರೇಗಿಸುತ್ತಿದ್ದರು.

ಮನೆಯಲ್ಲೂ ಒಂದಿಷ್ಟು ಎಡವಟ್ಟುಗಳಾಗುತ್ತಿದ್ದವು. ಶೆಡ್ಡಿನ ಕಂಬಕ್ಕೆ ಕಾರಿನ ಎಡಗಡೆ ಉಜ್ಜಿತು, ಕಂಬ ಕಟ್ಟಿದ ಮೇಸ್ತ್ರಿಗೆ ಬೈಗುಳ ಬಿತ್ತು. ಪೇಪರಿನವರು ಸಾಲಿನ ಮೊದಲ ಅಕ್ಷರಗಳನ್ನೇ ನುಂಗಿಹಾಕುತ್ತಾರೆ ಎಂದು ದಿನಾ ಬೆಳಿಗ್ಗೆ ತಕರಾರು. ಊಟಕ್ಕೆ ಕೂತರೆ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು, ಸಾಲದೆಂದು ಮತ್ತೆ ಬಡಿಸಲು ಕರೆಯುತ್ತಿದ್ದರು. ಹೆಂಡತಿ ಬಂದು, ಏನೂ ಹೇಳದೆ, ತಟ್ಟೆಯನ್ನು ಒಂದು ಸುತ್ತು ತಿರುಗಿಸಿಟ್ಟು ಹೋಗುತ್ತಿದ್ದರು.

ಇಷ್ಟರ ನಡುವೆ ಮಗಳಿಗೆ ಹೊಸ ಕೆಲಸ ಸಿಕ್ಕಿತು. ಬೆಳಗಾಗುವ ಹೊತ್ತಿಗೇ ಹೊರಡಬೇಕಾದ ಕೆಲಸ. ಅಳಿಯನದು ಊರೂರು ತಿರುಗುವ ಉದ್ಯೋಗ. ಮಗುವನ್ನು ಶಾಲೆಗೆ ಬಿಡುವವರು ಯಾರು ಎಂಬ ಮಾತು ಬರುವುದೇ ತಡ, ಮಾಸ್ತರು ಕೈ ಎತ್ತಿದ್ದರು.

"ನಾನಿಲ್ವಾ? ಮೊಮ್ಮಗಳನ್ನ ನಾನು ಬಿಡ್ತೀನಿ. ಊರಿನ ಮಕ್ಕಳನ್ನೆಲ್ಲ ಪಾಸು ಮಾಡಿಸಿದವನಿಗೆ ಇದೊಂದು ಮಗು ಭಾರವಾ?"

ಆ ದಿನದಿಂದ ಅವರ ನಡಿಗೆಯೇ ಬದಲಾಯಿತು. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವಿದೆ, ತನ್ನನ್ನು ಕಾಯುವ ಒಂದು ಜೀವವಿದೆ ಎಂದರೆ ಸಣ್ಣ ಮಾತೇ? ಹಿಂದಿನ ಸೀಟಿಗೆ ಹೊಸ ಬಟ್ಟೆ ಹೊದಿಸಿದರು. ಆದರೆ ಆ ಟಿಕ್! ಮಗು ಕೂರುವ ಗಾಡಿಯಲ್ಲಿ ಗೊತ್ತುಗುರಿಯಿಲ್ಲದ ಸದ್ದು ಇರಬಾರದು. ಹೆಂಡತಿಯೂ ಅದನ್ನೇ ಹಿಡಿದುಕೊಂಡರು.

"ಸದ್ದು ಸರಿಹೋಗ್ಲಿ ರೀ. ಅಲ್ಲೀವರೆಗೂ ಮಗು ಬೇಡ," ಎಂದರು.

"ಅಲ್ವೇ, ನಿನಗೆ ಆ ಸದ್ದು ಕೇಳಿಸೋದೇ ಇಲ್ಲ ಅಂತಿದ್ದೆ?"

"ಈಗ ಕೇಳಿಸ್ತಿದೆ," ಎಂದು ಆಕೆ ಒಳಗೆ ಹೋದರು.

ಕಾರು ಸ್ಪ್ಯಾನರ್ ಗ್ಯಾರೇಜಿಗೆ ಹೋಯಿತು. ಸ್ಪ್ಯಾನರ್ ಎಂದರೆ ಮೆಕ್ಯಾನಿಕ್ಕಿನ ಅಡ್ಡಹೆಸರು. ಅವನೂ ಮಾಸ್ತರ ಹಳೆಯ ಶಿಷ್ಯನೇ. ಕೈಗಿಂತ ಬಾಯಿ ಚುರುಕು. ಮೊದಲು ಚಕ್ರ ಬಿಚ್ಚಿದ, ಆಮೇಲೆ ಪ್ಲಗ್ಗು ತೊಳೆದ, ಡ್ಯಾಶ್‌ಬೋರ್ಡಿನ ಸ್ಕ್ರೂಗಳನ್ನೆಲ್ಲ ತಿರುಪಿ ಬಿಗಿ ಮಾಡಿದ. ಸೀಟು ಎತ್ತಿದಾಗ ಅದರಡಿಯಲ್ಲಿ ಎರಡು ಹೇರ್‌ಪಿನ್ನು, ಯಾವ ಕಾಲದ್ದೋ ಒಂದು ಎಲ್ ಬೋರ್ಡು ಸಿಕ್ಕವು. ಹೇರ್‌ಪಿನ್ನುಗಳನ್ನು ಹಿಡಿದು, "ಮಾಸ್ತರೇ, ಸದ್ದಿನ ಕಥೆ ಹಾಗಿರ್ಲಿ, ಇದರ ಕಥೆ ಹೇಳಿ," ಎಂದು ಹಲ್ಲು ಕಿರಿದ. ಹೆಂಡತಿ ನಕ್ಕರು. ಆ ತಿಂಗಳುಗಳಲ್ಲಿ ಆಕೆ ನಕ್ಕದ್ದು ಕಡಿಮೆ.

ಎಡಗಡೆಯ ಬ್ರೇಕನ್ನು ನೋಡಲೇ ಎಂದು ಸ್ಪ್ಯಾನರ್ ಕೇಳಿದ್ದುಂಟು. ಮಾಸ್ತರು ಕೈ ಆಡಿಸಿಬಿಟ್ಟರು. "ಅದಕ್ಕೆ ನನ್ನ ಜೊತೇಲೇ ನಿವೃತ್ತಿ ಆಯ್ತು ಬಿಡಯ್ಯ. ಮುಟ್ಟೋರೇ ಇಲ್ದಿದ್ದ ಮೇಲೆ ಸದ್ದು ಎಲ್ಲಿಂದ ಮಾಡುತ್ತೆ?" ಸ್ಪ್ಯಾನರಿಗೂ ಅದು ಸರಿಯೆನಿಸಿತು. ಸ್ಕೂಲು ಮುಚ್ಚಿದ ಮೇಲೆ ಅವರಿಬ್ಬರ ಲೆಕ್ಕದಲ್ಲಿ ಆ ಪೆಡಲು ಇದ್ದೂ ಇಲ್ಲದಂತೆ.

ಮಾಸ್ತರು ಮಾತ್ರ ಪಟ್ಟು ಬಿಡಲಿಲ್ಲ. ಸದ್ದು ಎಲ್ಲೆಲ್ಲಿ ಬಂತೆಂದು ಪಾಠದಂತೆ ಬಾಯಿಪಾಠ ಮಾಡಿಕೊಂಡಿದ್ದರು. ಬೇಕರಿ ತಿರುವಿನಲ್ಲಿ ಬಂತು. ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಬಂತು. ಲೈಬ್ರರಿ ಮೂಲೆಯಲ್ಲಿ ಬಂತು. ಹೆದ್ದಾರಿಯಲ್ಲಿ ನೇರ ಹೋದರೆ ಬರುವುದಿಲ್ಲ. ಬಲಕ್ಕೆ ತಿರುಗಿದರೂ ಎಡಕ್ಕೆ ತಿರುಗಿದರೂ ಬರಬಹುದು, ಬರದೆಯೂ ಇರಬಹುದು.

"ಇದಕ್ಕೆ ತಲೆಬುಡ ಇಲ್ಲ ಮಾಸ್ತರೇ. ಒಂದ್ಸಲ ನಾನೇ ಪಕ್ಕದಲ್ಲಿ ಕೂತು ಕೇಳ್ತೀನಿ, ನಡೀರಿ," ಎಂದ ಸ್ಪ್ಯಾನರ್.

ಹೆಂಡತಿ ಕುರ್ಚಿಯಿಂದ ಎದ್ದರು. "ನಾನೂ ಬರ್ತೀನಿ."

"ನೀನ್ಯಾಕೆ? ಬಿಸಿಲಿದೆ, ಕೂತ್ಕೋ," ಎಂದರು ಮಾಸ್ತರು.

"ಹಿಂದೆ ಕೂರ್ತೀನಿ ರೀ."

"ಹಿಂದಿನ ಸೀಟು ಬಿಚ್ಚಿಟ್ಟಿದೆ ಅಮ್ಮಾ," ಎಂದ ಸ್ಪ್ಯಾನರ್, ತನ್ನ ಉಪಕರಣದ ಪೆಟ್ಟಿಗೆಯನ್ನು ಎಡಗಡೆ ಕಾಲಬುಡದಲ್ಲಿ, ಆ ನಿವೃತ್ತ ಪೆಡಲಿನ ಮುಂದೆ ಇಟ್ಟುಕೊಂಡು ಬಾಗಿಲು ಹಾಕಿಕೊಂಡ.

ಬೇಕರಿ ತಿರುವು ದಾಟಿತು, ಸದ್ದಿಲ್ಲ. ಆಸ್ಪತ್ರೆಯ ಹಿಂದಿನ ಗೇಟು ದಾಟಿತು, ಸದ್ದಿಲ್ಲ. ಗಾಡಿ ಎಳೆಯುವುದೂ ಚೆನ್ನಾಗಿತ್ತು. ಮಾಸ್ತರ ಮುಖ ಅರಳಿತು. ಲೈಬ್ರರಿ ಮೂಲೆಗೆ ಬರುವಷ್ಟರಲ್ಲಿ ಸ್ಪ್ಯಾನರ್ "ಮಾಸ್ತರೇ!" ಎಂದು ಕಿರುಚಿ ಹ್ಯಾಂಡ್‌ಬ್ರೇಕು ಕಿತ್ತು ಬರುವಂತೆ ಎಳೆದ. ಗಾಡಿ ಅಡ್ಡಕ್ಕೆ ಜಾರಿ ನಿಂತಿತು. ಬಾನೆಟ್ಟಿನ ತುದಿಯಲ್ಲಿ ಸೈಕಲ್ಲು ಹಿಡಿದುಕೊಂಡು ನಿಂತಿದ್ದ ಒಬ್ಬ ಹೆಂಗಸು. ಒಂದು ಗೇಣು ಅಂತರ.

"ಎಲ್ಲಿಂದ ಬಂದ್ಲಯ್ಯ ಇವಳು? ಆಕಾಶದಿಂದ ಉದುರಿದ ಹಾಗೆ!" ಎಂದರು ಮಾಸ್ತರು.

ಸ್ಪ್ಯಾನರ್ ಅವರ ಮುಖವನ್ನೇ ನೋಡಿದ. ಆ ಹೆಂಗಸು ರಸ್ತೆಬದಿಯಿಂದ ಸೈಕಲ್ಲು ತಳ್ಳಿಕೊಂಡು ಬಂದಿದ್ದನ್ನು ಅವನು ನೋಡಿದ್ದ, ಮಾಸ್ತರೂ ನೋಡಿದ್ದಾರೆ ಎಂದುಕೊಂಡಿದ್ದ. ಅದನ್ನು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಗುರುವಿನೆದುರು ಅವನ ಬಾಯಿಗೂ ಒಂದು ಮಿತಿಯಿತ್ತು. ಗ್ಯಾರೇಜಿಗೆ ಮರಳುವಾಗ ಸುಮ್ಮನೆ ಮಾತು ತೇಲಿಸಲು, "ನಿಮ್ಮ ಗಾಡಿ ಅಮ್ಮಾವ್ರು ಕೂತ್ರೆ ಮಾತ್ರ ಮಾತಾಡುತ್ತೆ ಅಂತ ಕಾಣುತ್ತೆ," ಎಂದ.

ಹೆಂಡತಿ ಕುರ್ಚಿಯಲ್ಲಿರಲಿಲ್ಲ. ಗೇಟಿನ ಹೊರಗೆ ಸುಡುಬಿಸಿಲಿನಲ್ಲಿ ನಿಂತು ರಸ್ತೆಯನ್ನೇ ನೋಡುತ್ತಿದ್ದರು. ಕಾರು ಕಂಡೊಡನೆ ಗೇಟಿಗೆ ಒರಗಿಕೊಂಡರು.

ಮರುದಿನ ಸಂಜೆ ಮಾಸ್ತರು ಒಬ್ಬರೇ ಶೆಡ್ಡಿಗೆ ಹೋದರು. ಸೋಮವಾರ ಶಾಲೆ ಶುರು. ಸ್ಪ್ಯಾನರನ ತಮಾಷೆ ತಲೆಯಲ್ಲಿ ಕೊರೆಯುತ್ತಿತ್ತು. ಆಕೆ ಕೂತರೆ ಬರುತ್ತದೆ, ಕೂರದಿದ್ದರೆ ಇಲ್ಲ. ಅಂದರೆ ಸೀಟಿನ ಮೇಲೆ ಭಾರ ಬಿದ್ದಾಗ ಯಾವುದೋ ಸ್ಪ್ರಿಂಗು ಹಾರುತ್ತಿರಬೇಕು. ಎಷ್ಟು ಸುಲಭ! ಎಡಗಡೆಯ ಬಾಗಿಲು ತೆಗೆದು ಆ ಸೀಟಿನಲ್ಲಿ ಕೂತರು. ಸ್ಕೂಲು ಮುಚ್ಚಿದ ಮೇಲೆ ಅಲ್ಲಿ ಕೂತದ್ದು ಅದೇ ಮೊದಲು. ಮೇಲಕ್ಕೊಮ್ಮೆ ಕುಪ್ಪಳಿಸಿದರು. ಅತ್ತ ವಾಲಿದರು, ಇತ್ತ ವಾಲಿದರು. ಸದ್ದಿಲ್ಲ. ಹಾಗೆ ಕೂತಲ್ಲೇ ಯೋಚಿಸುತ್ತಿರುವಾಗ ಅವರ ಕಾಲು ಹಳೆಯ ರೂಢಿಯಂತೆ ತಾನಾಗಿ ಮುಂದೆ ಹೋಯಿತು, ಪೆಡಲಿನ ಮೇಲೆ ಕೂತಿತು, ಮೆಲ್ಲಗೆ ಒತ್ತಿತು.

ಟಿಕ್.

"ಸಿಕ್ತು!" ಮಾಸ್ತರು ಕೂಗಿಕೊಂಡರು. "ಸಿಕ್ತು ಕಣೇ! ಬಾ ಇಲ್ಲಿ!"

ಮತ್ತೆ ಒತ್ತಿದರು. ಟಿಕ್. ಮೆಲ್ಲಗೆ ಒತ್ತಿದರೆ ಮಾತ್ರ ಬರುತ್ತಿತ್ತು. ಬಗ್ಗಿ ನೋಡಿದರು. ಪೆಡಲಿನ ಪಿನ್ನು ಸವೆದಿತ್ತು, ತಂತಿಯ ಸಡಿಲು ತೀರುವಾಗ ಅದು ಜಾಗದಿಂದ ಹಾರಿ ಕೂರುತ್ತಿತ್ತು. ಒಂದು ಪಿನ್ನು! ಅದಕ್ಕೆ ಇಡೀ ಕಾರು ಬಿಚ್ಚಿಸಿದೆವಲ್ಲ ಎಂದು ಅವರಿಗೆ ನಗು ಬಂತು. ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಶೆಡ್ಡಿನ ಬಾಗಿಲಿಗೆ ಬಂದು ನಿಂತರು.

"ನೋಡು, ಈ ಪಿನ್ನು ಸವೆದಿದೆ. ಇದನ್ನ ಯಾರಾದ್ರೂ ಒತ್ತಿದಾಗ..."

ಮಾಸ್ತರು ತಲೆಯೆತ್ತಿ ಹೆಂಡತಿಯ ಮುಖ ನೋಡಿದರು. ಆಕೆ ಕಣ್ಣು ತಪ್ಪಿಸಿದರು. ಮಾಸ್ತರು ಕಾಲಡಿಯ ಮ್ಯಾಟಿನ ಕಡೆ ನೋಡಿದರು. ಪೆಡಲಿನ ಕೆಳಗೆ, ಹಿಮ್ಮಡಿ ಊರುವ ಜಾಗದಲ್ಲಿ ರಬ್ಬರು ಸವೆದು ಸಣ್ಣದೊಂದು ಹೊಸ ಗುಳಿ ಬಿದ್ದಿತ್ತು. ಅವರ ಹಿಮ್ಮಡಿ ಅಷ್ಟು ಸಣ್ಣದಲ್ಲ.

ಅವರು ಆ ಗುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಬೇಕರಿ ತಿರುವಲ್ಲಿ ಯಾರಿದ್ರು?" ಎಂದರು ಮಾಸ್ತರು.

"ಬಿಡಿ ರೀ."

"ಯಾರಿದ್ರು, ಹೇಳು."

"ಒಬ್ಬಳು ತಾಯಿ. ಕಂಕುಳಲ್ಲಿ ಮಗು ಇತ್ತು."

"ಆಸ್ಪತ್ರೆ ಹಿಂದಿನ ಗೇಟಲ್ಲಿ?"

"ಊರುಗೋಲು ಹಿಡ್ಕೊಂಡವರು. ಪಾಪ, ನಿಧಾನಕ್ಕೆ ದಾಟ್ತಿದ್ರು."

"ಲೈಬ್ರರಿ ಹತ್ರ?"

"ಶಾಲೆ ಮಕ್ಕಳು. ಎಲ್ಲಾ ಎಡಗಡೆಯಿಂದಾನೇ ರೀ. ಬಲಗಡೆಯಿಂದ ಇರುವೆ ಬಂದ್ರೂ ಕಾಣುತ್ತೆ ನಿಮಗೆ. ಎಡಗಡೆ ಗೋಡೆ ಬಂದ್ರೂ ಕಾಣ್ತಿಲ್ಲ. ಕಣ್ಣು ತೋರಿಸೋಣ ಅಂತ ಎಷ್ಟು ಸಲ ಬಡ್ಕೊಂಡೆ, ನೀವು ಕೇಳ್ಲಿಲ್ಲ."

ಕಂಬ, ಪೇಪರು, ತಿರುಗಿಸಿಟ್ಟ ತಟ್ಟೆ, ನಿನ್ನೆಯ ಸೈಕಲ್ಲಿನ ಹೆಂಗಸು, ಒಂದೊಂದೇ ಮಾಸ್ತರಿಗೆ ನೆನಪಾದವು. ಗಾಡಿ ಮಂಕಾದದ್ದಲ್ಲ. ಅದನ್ನು ತಡೆಯುತ್ತಿದ್ದದ್ದು ಪಕ್ಕದ ಸೀಟಿನ ಕಾಲು. ಹೆಂಡತಿಗೆ ಸುತ್ತಾಟದ ಹುಚ್ಚೂ ಇರಲಿಲ್ಲ, ತನ್ನ ಮೇಲೆ ಉಕ್ಕಿಬಂದ ಅಕ್ಕರೆಯೂ ಅಲ್ಲ ಎನಿಸಿತು. ಆಮೇಲೆ, ಇದಲ್ಲದೆ ಅಕ್ಕರೆ ಬೇರೆ ಇನ್ನೇನು ಎಂದೂ ಅನಿಸಿ, ಅದು ಮೊದಲಿನದಕ್ಕಿಂತ ಹೆಚ್ಚು ನೋಯಿಸಿತು.

"ನನಗೆ ಹೇಳಬಾರದಾಗಿತ್ತಾ?"

"ನೀವೇ ಹೇಳಿಕೊಟ್ಟಿದ್ದಲ್ವಾ," ಎಂದರು ಹೆಂಡತಿ. "ಗೊತ್ತಾಗಬಾರದು, ಗೊತ್ತಾದ್ರೆ ಕೈ ನಡುಗುತ್ತೆ ಅಂತ. ಗಾಡಿ ಓಡಿಸುವಾಗ ನಿಮ್ಮ ಮುಖ ಒಂದೇ ಮೊದಲಿನ ಹಾಗಿರ್ತಿತ್ತು. ಅದನ್ನ ಹೇಗೆ ಕಿತ್ಕೊಳ್ಳಲಿ? ಆದ್ರೆ ಮಗು ವಿಷಯ ಬಂದ ಮೇಲೆ ನನಗೆ ನಿದ್ದೆ ಬರ್ತಿರ್ಲಿಲ್ಲ. ನಾನು ಜೊತೇಲಿ ಬರಕ್ಕಾಗದ ದಿನ ಏನ್ ಗತಿ? ಆ ಸದ್ದು ಸಿಗದೇ ಇರ್ಲಿ, ಸಿಗದೇ ಇರ್ಲಿ ಅಂತಿದ್ದೆ."

ಮಾಸ್ತರು ತಮ್ಮ ಕೈಗಳನ್ನು ನೋಡಿಕೊಂಡರು. ಅವು ನಿಜವಾಗಿಯೂ ನಡುಗುತ್ತಿದ್ದವು. ಅವನ್ನು ತೊಡೆಗಳ ನಡುವೆ ಒತ್ತಿಕೊಂಡು ಕೂತರು. ಅಳು ಬಂತು. ಹೆಂಡತಿ ಹತ್ತಿರ ಬರಲು ನೋಡಿದಾಗ, "ನೀನು ಒಳಗೆ ಹೋಗು. ಒಂದು ಕೆಲಸ ಇದೆ, ಮುಗಿಸಿ ಬರ್ತೀನಿ," ಎಂದರು.

ಕೆಲಸವೆಂದರೆ ಆ ಪಿನ್ನು. ಹಳೆಯ ಡಬ್ಬಿಯಲ್ಲಿ ತಡಕಾಡಿ ಅದೇ ಅಳತೆಯ ಹೊಸದೊಂದನ್ನು ಹುಡುಕಿ, ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ ತಿರುಗಿಸಿ ನೋಡುತ್ತ, ಗ್ರೀಸು ಹಚ್ಚಿ ಕೂರಿಸಿದರು. ಒತ್ತಿ ನೋಡಿದರು. ಸದ್ದಿಲ್ಲ. ಒಳಗೆ ಹೋಗಿ ಕೀಯನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಆಕೆಯ ಕೈಗೆ ಸಿಗುವಲ್ಲಿ ಇಟ್ಟರು. ಆಮೇಲೆ ಮಗಳಿಗೆ ಫೋನು ಮಾಡಿ, ಮಗುವನ್ನು ಬಿಡುವವರು ನಿಮ್ಮಮ್ಮ, ನಾನು ಜೊತೆಗಿರುತ್ತೇನೆ, ಮಂಗಳವಾರ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ ಎಂದು ಹೇಳಿ, ಅವಳು ಏನನ್ನೂ ಕೇಳುವ ಮೊದಲೇ ಫೋನಿಟ್ಟರು.

ಸೋಮವಾರ ಮೊಮ್ಮಗಳು ಹಿಂದಿನ ಸೀಟು ಹತ್ತಿದವಳೇ ತಕರಾರು ತೆಗೆದಳು. "ತಾತ, ನಿಮ್ಮ ಸೀಟಲ್ಲಿ ಅಜ್ಜಿ ಕೂತಿದಾರೆ!"

"ಇಲ್ಲಮ್ಮ, ಇದೇ ನನ್ನ ಸೀಟು. ಮೊದಲಿಂದಲೂ ಮಾಸ್ತರು ಕೂರೋದು ಇಲ್ಲೇ," ಎಂದರು ಮಾಸ್ತರು. ನಗಲೂ ಪ್ರಯತ್ನಿಸಿದರು. ಆದರೆ ಕಾಲುಗಳನ್ನು ಹಿಂದಕ್ಕೆಳೆದು ಸೀಟಿನ ಕೆಳಗೆ ತೂರಿಸಿಕೊಂಡರು. ಆ ಪೆಡಲಿನ ಮೇಲೆ ಕಾಲಿಡುವವರಿಗೆ ಕಣ್ಣು ಕಾಣಬೇಕು.

ಹೆಂಡತಿ ಚೆನ್ನಾಗಿಯೇ ಓಡಿಸಿದರು. ಬೇಕರಿ ತಿರುವಿನಲ್ಲಿ ಕಾರು ಮೆಲ್ಲಗಾಗಿ ನಿಂತಿತು. ಎಲ್ಲಿಂದಲೂ ಸದ್ದು ಬರಲಿಲ್ಲ. ಮಾಸ್ತರಿಗೆ ಮುಂದೆ ಕಂಡದ್ದು ಖಾಲಿ ರಸ್ತೆ.

"ಯಾಕೆ ನಿಲ್ಲಿಸಿದೆ?"

ಉತ್ತರ ಕೊಟ್ಟದ್ದು ಹಿಂದೆ ಕೂತಿದ್ದ ಮಗು. "ಅವರು ದಾಟ್ಬೇಕಲ್ಲ ತಾತ."

"ಯಾರಮ್ಮ? ಎಲ್ಲಿ?"

"ಇಲ್ಲೇ, ನಿಮ್ಮ ಬಾಗಿಲ ಹತ್ರಾನೇ!"

ಮಾಸ್ತರು ಕತ್ತನ್ನು ಎಷ್ಟು ಸಾಧ್ಯವೋ ಅಷ್ಟೂ ತಿರುಗಿಸಿದರು. ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಒಬ್ಬಳು ಹೆಂಗಸು, ಕಂಕುಳಲ್ಲಿ ಮಗು. ಗಾಡಿ ನಿಲ್ಲಿಸಿದ್ದು ಇವರೇ ಎಂಬಂತೆ ಆಕೆ ಅವರ ಕಡೆ ನಕ್ಕು ಕೈಯೆತ್ತಿದಳು. ಮಾಸ್ತರೂ ಕೈಯೆತ್ತಿದರು. ಮತ್ತೆ ಮುಂದಕ್ಕೆ ತಿರುಗಿದರೆ ಆಕೆ ಇಲ್ಲ. ಖಾಲಿ ರಸ್ತೆ. ಉಸಿರು ಹಿಡಿದು ಕಾದರು. ರಸ್ತೆಯ ನಡುವಿನಲ್ಲಿ ಮೊದಲು ಮಗುವಿನ ಒಂದು ಕಾಲು ಕಾಣಿಸಿತು, ಆಮೇಲೆ ಮಗು, ಆಮೇಲೆ ತಾಯಿ. ಅವರಿಬ್ಬರೂ ಆಚೆ ಬದಿಯ ಕಟ್ಟೆ ಹತ್ತುವವರೆಗೂ ಮಾಸ್ತರು ಕಣ್ಣು ಮಿಟುಕಿಸದೆ ನೋಡುತ್ತ ಕೂತಿದ್ದರು.